ನೂರು ವರ್ಷದ ಪಿಸ್ತೂಲು ಗುರಿಕಾರರಿಗೆ ಇನ್ನೂ ಯಾಕೆ ಇಷ್ಟ?

ಪ್ರಶ್ನೆ: ನಾನು ಗಂಗಾವತಿಯವನು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ ಹೊಡೆದಿದ್ದೆ. ಈಗ ಏರ್ ಪಿಸ್ತೂಲು ಕಲಿಯುತ್ತಿದ್ದೇನೆ. ಶೂಟಿಂಗ್ ಬಗ್ಗೆ ಏನು ನೋಡಿದರೂ ಜನ 1911, ಬ್ರೌನಿಂಗ್ ಹೈ ಪವರ್, ಲೂಗರ್, ಸಿಝಡ್ 75 ಅಂತಲೇ ಹೊಗಳುತ್ತಾರೆ. ಪ್ಲಾಸ್ಟಿಕ್ ಮೈಯ ಗ್ಲಾಕ್ ಬಂದು ನಲವತ್ತು ವರ್ಷ ದಾಟಿತು. ಆದರೂ ಹಳೇ ಉಕ್ಕಿನ ಪಿಸ್ತೂಲುಗಳ ಮೇಲೆ ಇಷ್ಟು ಪ್ರೀತಿ ಯಾಕೆ ಸರ್? ಸುಮ್ನೆ ಹಳೇದರ ಮೋಹನಾ, ಇಲ್ಲಾ ನಿಜವಾಗಿ ಏನಾದರೂ ಇದೆಯಾ? ನಮ್ಮಂಥವರಿಗೆ ಅವು ಸಿಗುತ್ತವಾ? ನಮ್ಮಪ್ಪನದು ಲೇತ್ ಅಂಗಡಿ. ಸಣ್ಣಪುಟ್ಟ ಭಾಗ ಮಾಡಿಕೊಳ್ಳೋದು ನಮಗೆ ಕಷ್ಟವಲ್ಲ.

ಉತ್ತರ: ಮೋಹ ಇದೆ, ಇಲ್ಲ ಅನ್ನಲ್ಲ. ಆದರೆ ಬರೀ ಮೋಹವೇ ಆಗಿದ್ದರೆ ಎಲ್ಲಕ್ಕಿಂತ ಮುಂದೆ ಲೂಗರ್ ಇರಬೇಕಿತ್ತು. ಅಷ್ಟು ಚೆಂದದ ಪಿಸ್ತೂಲು ಇನ್ನೊಂದಿಲ್ಲ. ಹಿಡಿ ಚೆನ್ನಾಗಿ ಓರೆಯಾಗಿದೆ, ಹಾಗಾಗಿ ಕೈ ಎತ್ತಿದರೆ ತಾನಾಗೇ ಗುರಿಯ ಕಡೆ ನಿಲ್ಲುತ್ತದೆ. ಬೋರ್ಷಾರ್ಟ್ ಎಂಬಾತ 1893ರಲ್ಲಿ ಮಾಡಿದ್ದ ದೊಡ್ಡ, ಒಡ್ಡೊಡ್ಡಾದ ಪಿಸ್ತೂಲನ್ನು ಗಿಯಾರ್ಗ್ ಲೂಗರ್ ತಿದ್ದಿ ತೀಡಿ ಹೀಗೆ ಮಾಡಿದ. ಸ್ವಿಟ್ಜರ್ಲೆಂಡಿನ ಸೇನೆ 1900ರಲ್ಲೇ ತಗೊಂಡಿತು. ಜರ್ಮನಿಯ ಭೂಸೇನೆ 1908ರಲ್ಲಿ ತಗೊಂಡಿತು.

ಗುಂಡು ಹಾರುವ ಕ್ಷಣದಲ್ಲಿ ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚಿ ಹಿಡಿಯುವ ಏರ್ಪಾಡಿಗೆ ಬೀಗ ಅನ್ನೋಣ. ಲೂಗರಿನ ಬೀಗ ನಮ್ಮ ಮೊಣಕಾಲಿನ ಹಾಗೆ. ಕಾಲು ನೆಟ್ಟಗಿರುವಾಗ ಎಷ್ಟು ಭಾರ ಹಾಕಿದರೂ ತಡೆಯುತ್ತದೆ. ಸ್ವಲ್ಪ ಬಾಗಿತೋ, ಮಡಚಿಕೊಳ್ಳುತ್ತದೆ. ಗುಂಡು ಹಾರಿದಾಗ ಬ್ಯಾರೆಲ್ಲೂ ಕೀಲೂ ಒಟ್ಟಿಗೆ ಹಿಂದೆ ಸರಿಯುತ್ತವೆ. ಕೀಲು ಫ್ರೇಮಿನ, ಅಂದರೆ ಪಿಸ್ತೂಲಿನ ಮೈಯ, ಇಳಿಜಾರಿಗೆ ತಾಗಿ ಮೇಲಕ್ಕೆ ಮಡಚುತ್ತದೆ. ನೋಡೋಕೆ ಬಹಳ ಮಜಾ. ಆದರೆ ಒಂದೊಂದು ಭಾಗವನ್ನೂ ಅಷ್ಟು ನಾಜೂಕಾಗಿ ಕೊರೆಯಬೇಕು. ಗುಂಡಿನ ಮದ್ದು ಸ್ವಲ್ಪ ಬಲಹೀನವಾದರೂ ಅದಕ್ಕೆ ಆಗಿಬರಲ್ಲ. ಹಾಗಾಗಿ ಆ ದಾರಿಯಲ್ಲಿ ಇವತ್ತು ಯಾರೂ ಸೇನೆಗೆ ಪಿಸ್ತೂಲು ಮಾಡುತ್ತಿಲ್ಲ. ಲೂಗರ್ ಲೋಕಕ್ಕೆ ಬಿಟ್ಟುಹೋದದ್ದು ಅದರ ಗುಂಡು, 9 ಎಂಎಂ ಪ್ಯಾರಾಬೆಲ್ಲಂ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಸಂಗ್ರಹಕಾರರ ಪ್ರೀತಿ ಬೇರೆ, ಗುರಿಕಾರರ ಪ್ರೀತಿ ಬೇರೆ. ಸಂಗ್ರಹಕಾರ ಲೂಗರನ್ನು ಬೀರುವಿನಿಂದ ತೆಗೆದು, ಎಣ್ಣೆ ಒರೆಸಿ, ಮತ್ತೆ ಬೀರುವಿಗೆ ಇಡುತ್ತಾನೆ. ಗುರಿಕಾರ 1911 ತಗೊಂಡು ವರ್ಷಕ್ಕೆ ಸಾವಿರಾರು ಗುಂಡು ಹೊಡೆಯುತ್ತಾನೆ, ಸವೆದ ಭಾಗ ಬದಲಿಸುತ್ತಾನೆ, ಮತ್ತೆ ಹೊಡೆಯುತ್ತಾನೆ. ನೀವು ಕೇಳಿದ್ದು ಈ ಎರಡನೆಯವನ ಬಗ್ಗೆ ಅಂದುಕೊಂಡು ಬರೆಯುತ್ತಿದ್ದೇನೆ. ನಾನು ದುಡಿದದ್ದು ಪೊಲೀಸ್ ಶಸ್ತ್ರಾಗಾರದಲ್ಲಿ, ಆರ್ಮರರ್ ಆಗಿ. ಈಗ ರಾಯಚೂರಿನಲ್ಲಿ ಮಕ್ಕಳಿಗೆ ಏರ್ ಪಿಸ್ತೂಲು ಕಲಿಸುತ್ತೇನೆ. ಹಾಗಾಗಿ ನನ್ನ ಮಾತು ಸ್ವಲ್ಪ ರಿಪೇರಿಯವನ ಮಾತು, ಸ್ವಲ್ಪ ಮೇಷ್ಟ್ರ ಮಾತು.

1911 ಮಾಡಿದವನು ಜಾನ್ ಮೋಸಸ್ ಬ್ರೌನಿಂಗ್. ಹುಟ್ಟಿದ್ದು 1855ರಲ್ಲಿ, ಅಮೆರಿಕದ ಯೂಟಾದ ಆಗ್ಡನ್ ಊರಲ್ಲಿ. ಅಪ್ಪನೂ ಬಂದೂಕು ಮಾಡುವವನೇ. ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತ. ನಿಮಗೆ ಈ ಕಥೆ ಹಿಡಿಸುತ್ತದೆ ಅಂತ ಗೊತ್ತು. ಅವನ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಒಪ್ಪುವ ಮೊದಲು 6000 ಗುಂಡು ಹೊಡೆದು ಪರೀಕ್ಷೆ ಮಾಡಿದರು. ಬ್ರೌನಿಂಗನ ಪಿಸ್ತೂಲು ಒಮ್ಮೆಯೂ ಕೈಕೊಡಲಿಲ್ಲ ಅಂತ ದಾಖಲಾಗಿದೆ. ಆಮೇಲೆ 1985ರವರೆಗೆ ಅದೇ ಅವರ ಸರ್ವಿಸ್ ಪಿಸ್ತೂಲು. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ, ಎಲ್ಲದರಲ್ಲೂ ಅದೇ.

ಅದರ ಒಳಗಿನ ಉಪಾಯ ಕೇಳಿ. ಬ್ಯಾರೆಲ್ಲಿನ ಮೇಲೆ ಸಣ್ಣ ಏಣುಗಳಿವೆ. ಮೇಲೆ ಹಿಂದೆ ಮುಂದೆ ಜಾರುವ ಭಾಗವೇ ಸ್ಲೈಡ್. ಅದರ ಒಳಮೈಯಲ್ಲಿ ಆ ಏಣುಗಳಿಗೆ ಸರಿಯಾದ ತೋಡು ಇದೆ. ಎರಡೂ ಕೂಡಿಕೊಂಡಿರುವಾಗ ಬೀಗ ಹಾಕಿದಂತೆ. ಗುಂಡು ಹಾರಿದಾಗ ಎರಡೂ ಒಟ್ಟಿಗೆ ಕೆಲವೇ ಮಿಲಿಮೀಟರ್ ಹಿಂದೆ ಬರುತ್ತವೆ. ಅಷ್ಟರಲ್ಲಿ ಗುಂಡು ನಳಿಗೆ ಬಿಟ್ಟಿರುತ್ತದೆ, ಒಳಗಿನ ಒತ್ತಡ ಇಳಿದಿರುತ್ತದೆ. ಆಗ ಬ್ಯಾರೆಲ್ಲಿನ ಕೆಳಗಿರುವ ಒಂದು ಪುಟ್ಟ ಕೊಂಡಿ ಅದರ ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಬೀಗ ಬಿಚ್ಚಿತು. ಸ್ಲೈಡ್ ಒಂದೇ ಹಿಂದೆ ಹೋಗಿ ಖಾಲಿ ಕೇಸನ್ನು (ಗುಂಡು ಹಾರಿದ ಮೇಲೆ ಉಳಿಯುವ ಚಿಪ್ಪು) ಎಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಗುಂಡು ತುಂಬಿಟ್ಟ ಮ್ಯಾಗಜಿನ್ನಿನಿಂದ ಹೊಸ ರೌಂಡು ತಳ್ಳಿಕೊಂಡು ಬರುತ್ತದೆ. ಅಷ್ಟೇ.

ಈಗ ನೀವು ಹೇಳಿದ ಗ್ಲಾಕ್ ಬಿಚ್ಚಿ ನೋಡಿ. 1982ರಲ್ಲಿ ಆಸ್ಟ್ರಿಯಾದ ಸೇನೆ ತಗೊಂಡ ಹೊಸ ಕಾಲದ ಪಿಸ್ತೂಲು. ಮೈ ಪ್ಲಾಸ್ಟಿಕ್, ಹ್ಯಾಮರ್ (ಗುಂಡು ಸಿಡಿಸಲು ಹಿಂದಿನಿಂದ ಬಡಿಯುವ ಸುತ್ತಿಗೆ) ಇಲ್ಲ, ಹೊರಗಡೆ ಸೇಫ್ಟಿ ಬಟನ್ ಇಲ್ಲ. ಆದರೆ ಬ್ಯಾರೆಲ್ ಬೀಗ ಬಿಚ್ಚುವುದು ಹೇಗೆ? ಹಿಂಭಾಗ ಕೆಳಗೆ ಬಾಗಿ. ಕೊಂಡಿಯ ಬದಲು ಓರೆಯಾಗಿ ಕೊರೆದ ಗಟ್ಟಿ ಏಣು ಇದೆ. ಆ ಬದಲಾವಣೆಯೂ ಗ್ಲಾಕಿನದಲ್ಲ, ಹೈ ಪವರಿನಲ್ಲೇ ಬಂದಿತ್ತು. ರಷ್ಯಾದ ಟೋಕರೆವ್, ಸಿಝಡ್ 75, ಅಮೆರಿಕದ ಸೇನೆ 2017ರಲ್ಲಿ ಆರಿಸಿದ ಸಿಗ್, ಎಲ್ಲವೂ ಬ್ರೌನಿಂಗನ ಮರಿಮಕ್ಕಳೇ. ಇದಕ್ಕೆ ಸೇರದವೂ ಇವೆ. ಜರ್ಮನಿಯ ವಾಲ್ಥರ್ ಪಿ38 ಮತ್ತು ಅದರ ಜಾಡಿನಲ್ಲಿ ಬಂದ ಬೆರೆಟ್ಟಾ 92ರಲ್ಲಿ ಬ್ಯಾರೆಲ್ ಬಾಗುವುದಿಲ್ಲ, ಕೆಳಗಿನ ಒಂದು ತುಂಡು ಬಾಗುತ್ತದೆ. ಅವು ಕಡಿಮೆ ಅಂತಲ್ಲ. ಆದರೆ ಎಣಿಸಿದರೆ ಬ್ರೌನಿಂಗ್ ಕಡೆಯವೇ ಜಾಸ್ತಿ. ಹಾಗಾಗಿ ‘ಹಳೇ ಪಿಸ್ತೂಲು, ಹೊಸ ಪಿಸ್ತೂಲು’ ಅಂತ ನಾವು ಜಗಳ ಆಡುವಾಗ ಒಳಗಿನ ಯಂತ್ರದ ಬಗ್ಗೆ ಮಾತಾಡುತ್ತಿಲ್ಲ. ಅದು ಎರಡರಲ್ಲೂ ಒಂದೇ. ಜಗಳ ಇರೋದು ಟ್ರಿಗರ್ ಬಗ್ಗೆ, ತೂಕದ ಬಗ್ಗೆ.

ಟ್ರಿಗರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಪ್ರಕಾರ ಪೂರ್ತಿ ಉತ್ತರ ಇರೋದೇ ಅಲ್ಲಿ.

ಸಾಮಾನ್ಯ ಪಿಸ್ತೂಲಿನ ಟ್ರಿಗರ್ ಒಂದು ಪಿನ್ನಿನ ಮೇಲೆ ತಿರುಗುತ್ತದೆ. ಬೆರಳು ಒತ್ತಿದಾಗ ಅದು ಹಿಂದಕ್ಕೂ ಹೋಗುತ್ತದೆ, ಸ್ವಲ್ಪ ಮೇಲಕ್ಕೂ ಹೋಗುತ್ತದೆ. 1911ರ ಟ್ರಿಗರ್ ತಿರುಗುವುದಿಲ್ಲ. ಫ್ರೇಮಿನೊಳಗೆ ಕೊರೆದ ತೋಡಿನಲ್ಲಿ ನೇರ ಹಿಂದಕ್ಕೆ ಜಾರುತ್ತದೆ. ಹ್ಯಾಮರ್ ಮೊದಲೇ ಎತ್ತಿರುತ್ತದೆ. ಟ್ರಿಗರಿಗೆ ಇರುವ ಕೆಲಸ ಒಂದೇ, ಹಿಡಿದಿಟ್ಟ ಸಿಯರ್ ಎಂಬ ಕೊಕ್ಕೆಯನ್ನು ಜಾರಿಸುವುದು. ಅದಕ್ಕೆ ಬೇಕಾಗುವ ಚಲನೆ ತೀರಾ ಕಡಿಮೆ. ಒತ್ತುತ್ತಾ ಒತ್ತುತ್ತಾ ಏನೂ ಆಗುತ್ತಿಲ್ಲ ಅನ್ನಿಸುವಾಗಲೇ ಟಕ್ ಅಂತ ಬಿಡುತ್ತದೆ. ಬೆರಳು ಸ್ವಲ್ಪ ಸಡಿಲಿಸಿದರೆ ಸಾಕು, ಮುಂದಿನ ಗುಂಡಿಗೆ ಸಿದ್ಧ.

ಇದು ಯಾಕೆ ಅಷ್ಟು ಮುಖ್ಯ? ಒಂದು ಲೆಕ್ಕ ಹೇಳುತ್ತೇನೆ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಇರುವ ಗುರುತುಗಳೇ ಸೈಟ್. 1911ರ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಇರುವ ದೂರ ಸುಮಾರು 165 ಮಿಲಿಮೀಟರ್. ಟ್ರಿಗರ್ ಒತ್ತುವಾಗ ಮುಂದಿನ ಸೈಟ್ ಬರೀ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು ಅಂದುಕೊಳ್ಳಿ. 25 ಮೀಟರ್ ದೂರದಲ್ಲಿ ಗುಂಡು ಸುಮಾರು 15 ಸೆಂಟಿಮೀಟರ್ ಸರಿಯುತ್ತದೆ. 25 ಮೀಟರ್ ಪ್ರಿಸಿಶನ್ ಟಾರ್ಗೆಟ್ಟಿನಲ್ಲಿ ಹತ್ತರ ಉಂಗುರದ ಅಗಲ 5 ಸೆಂಟಿಮೀಟರ್ ಮಾತ್ರ. ಹತ್ತು ಬರಬೇಕಾದ ಗುಂಡು ಐದರ ಗೆರೆಗೆ ಹೋಯಿತು. ಕೈ ನಡುಗುವುದರಿಂದ ಇಷ್ಟು ಹಾಳಾಗಲ್ಲ. ಎಲ್ಲರ ಕೈಯೂ ನಡುಗುತ್ತದೆ, ಒಲಿಂಪಿಕ್‌ನವರದೂ ನಡುಗುತ್ತದೆ. ಹಾಳಾಗುವುದು ಬೆರಳಿನ ಎಳೆತದಿಂದ.

ಈಗ ತೂಕ ಸೇರಿಸಿ. 1911 ಖಾಲಿ ಇದ್ದಾಗ ಸುಮಾರು 1.1 ಕಿಲೋ. ಚೆನ್ನಾಗಿ ಹೊಂದಿಸಿದ ಪಿಸ್ತೂಲಿನ ಟ್ರಿಗರ್ ಒಂದೂವರೆ ಕಿಲೋ ಆಸುಪಾಸಿನ ಒತ್ತಡಕ್ಕೆ ಬಿಡುತ್ತದೆ. ಗ್ಲಾಕ್ 17 ಖಾಲಿ ಇದ್ದಾಗ 630 ಗ್ರಾಂ ಹತ್ತಿರ. ಕಾರ್ಖಾನೆಯಿಂದ ಬಂದ ಟ್ರಿಗರ್ ಎರಡೂವರೆ ಕಿಲೋ ಸುಮಾರು. ಅಂದರೆ ಹಗುರ ವಸ್ತುವನ್ನು ಗಾಳಿಯಲ್ಲಿ ಅಲ್ಲಾಡದ ಹಾಗೆ ಹಿಡಿದುಕೊಂಡು, ಅದರ ತೂಕದ ನಾಲ್ಕು ಪಟ್ಟು ಒತ್ತಡ ಒಂದೇ ಬೆರಳಿನಲ್ಲಿ ಹಾಕಬೇಕು. ಅದೂ ಉಳಿದ ಬೆರಳುಗಳಿಗೆ ಗೊತ್ತಾಗದ ಹಾಗೆ! ಹೊಸಬರು ಹೊಸ ಪಿಸ್ತೂಲಿನಲ್ಲಿ ಗುಂಡನ್ನು ಕೆಳಗೆ ಎಡಕ್ಕೆ ಹಾಕುವುದು ಇದಕ್ಕೇ. ಬಲಗೈಯವರ ಮಾತು ಹೇಳಿದೆ, ಎಡಗೈಯವರಿಗೆ ಬಲಕ್ಕೆ ಹೋಗುತ್ತದೆ.

ಡಬಲ್ ಆಕ್ಷನ್ ಪಿಸ್ತೂಲು ಇನ್ನೂ ಕಷ್ಟ. ಮೊದಲ ಎಳೆತದಲ್ಲಿ ಬೆರಳೇ ಹ್ಯಾಮರನ್ನೂ ಎತ್ತಬೇಕು. ಉದ್ದದ ಎಳೆತ, ಐದು ಕಿಲೋ ಆಸುಪಾಸಿನ ಭಾರ. ಎರಡನೇ ಗುಂಡಿಗೆ ಹ್ಯಾಮರ್ ತಾನೇ ಎತ್ತಿಕೊಂಡಿರುತ್ತದೆ, ಆಗ ಹಗುರ. ಮೊದಲನೆಯದಕ್ಕೂ ಎರಡನೆಯದಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಬೆರಳು ಏನು ಕಲಿಯಬೇಕು ಹೇಳಿ?

ಹಾಗಾಗಿ 1911 ಹೊಡೆದವನು ಅದನ್ನು ಹೊಗಳುವಾಗ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಟ್ರಿಗರನ್ನೇ ಹೊಗಳುತ್ತಿರುತ್ತಾನೆ. ಇತಿಹಾಸ, ಯುದ್ಧದ ಕಥೆ, ಸಿನಿಮಾ, ಎಲ್ಲ ಆಮೇಲೆ ಸೇರಿಕೊಂಡದ್ದು.

ಅಮೆರಿಕದಲ್ಲಿ ಬುಲ್ಸ್‌ಐ ಅಂತ ಒಂದು ಸ್ಪರ್ಧೆ ಇದೆ. ಒಂದೇ ಕೈಯಲ್ಲಿ ನಿಂತು 25 ಮತ್ತು 50 ಗಜ ದೂರಕ್ಕೆ ಹೊಡೆಯಬೇಕು. .22, ಸೆಂಟರ್ ಫೈರ್ (ತಳದ ನಡುವೆ ಬಡಿದು ಸಿಡಿಸುವ ಗುಂಡು), .45, ಮೂರು ಸುತ್ತು. ಓಹಾಯೋದ ಕ್ಯಾಂಪ್ ಪೆರಿಯಲ್ಲಿ ಅವರ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಸೇನೆಯ ಸಡಿಲ ಪಿಸ್ತೂಲನ್ನು ಗುರಿಯ ಪಿಸ್ತೂಲು ಮಾಡಿದ್ದು ಈ ಸ್ಪರ್ಧೆಯವರೇ. ಸ್ಲೈಡು ಫ್ರೇಮಿನ ನಡುವೆ ಸಂದು ಕಡಿಮೆ ಮಾಡಿದರು. ಬ್ಯಾರೆಲ್ಲಿನ ತುದಿಯನ್ನು ಹಿಡಿದಿಡುವ ಬಳೆಯನ್ನು, ಅಂದರೆ ಬುಶ್ಶನ್ನು, ಕೈಯಿಂದ ಉಜ್ಜಿ ಕೂರಿಸಿದರು. ಲೇತ್ ಮೇಲೆ ಬುಶ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಫ್ಟಿಗೂ ಬುಶ್ಶಿಗೂ ಎಷ್ಟು ಸಂದು ಬಿಡಬೇಕು ಅನ್ನುವುದರಲ್ಲೇ ಕೆಲಸಗಾರ ಗೊತ್ತಾಗುವುದು. ಸಂದು ಜಾಸ್ತಿ ಬಿಟ್ಟರೆ ಗುಂಡು ಚದುರುತ್ತದೆ. ಕಡಿಮೆ ಬಿಟ್ಟರೆ ಧೂಳಿಗೆ ನಿಂತುಬಿಡುತ್ತದೆ.

ಆಮೇಲೆ ಓಡಾಡುತ್ತಾ ಹೊಡೆಯುವ ಸ್ಪರ್ಧೆಗಳು ಬಂದವು. ಐಪಿಎಸ್‌ಸಿ ಶುರುವಾದದ್ದು 1976ರಲ್ಲಿ. ಅಲ್ಲೂ 1911 ಉಳಿಯಿತು. ಏಳು ಗುಂಡು ಸಾಲಲ್ಲ ಅಂದಾಗ ಅದೇ ಟ್ರಿಗರ್ ಇಟ್ಟು, ಹಿಡಿ ದಪ್ಪ ಮಾಡಿ, ಎರಡು ಸಾಲಿನ ಮ್ಯಾಗಜಿನ್ ಹಾಕಿದರು. ಜನ ಅದನ್ನು 2011 ಅನ್ನುತ್ತಾರೆ. ಉಳಿದದ್ದೆಲ್ಲ ಬದಲಿಸಿದರು, ಟ್ರಿಗರ್ ಮಾತ್ರ ಮುಟ್ಟಲಿಲ್ಲ, ನೋಡಿ.

ಹೈ ಪವರ್ ನನಗೆ ಹತ್ತಿರದ ಪಿಸ್ತೂಲು, ಯಾಕೆಂದರೆ ಕೈತುಂಬ ಕೆಲಸ ಕೊಟ್ಟದ್ದು ಅದೇ. ಬ್ರೌನಿಂಗ್ ಅದನ್ನು ಮುಗಿಸಲಿಲ್ಲ. 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ, ಎಫ್‌ಎನ್ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಅಲ್ಲಿನ ದಿಯುದೊನೆ ಸೈವ್ ಎಂಬಾತ ಮುಂದುವರಿಸಿದ. 1935ರಲ್ಲಿ ಹೊರಬಂತು. 13 ಗುಂಡಿನ ಮ್ಯಾಗಜಿನ್ ಆ ಕಾಲಕ್ಕೆ ದೊಡ್ಡ ಸಂಗತಿ. ಅಷ್ಟು ಗುಂಡು ತುಂಬಿದರೂ ಹಿಡಿ ದಪ್ಪ ಅನ್ನಿಸುವುದಿಲ್ಲ. ನಮ್ಮ ಇಶಾಪುರ ರೈಫಲ್ ಕಾರ್ಖಾನೆ ಮಾಡುವ ‘ಪಿಸ್ತೂಲ್ ಆಟೋ 9 ಎಂಎಂ 1ಎ’ ಇದರದೇ ಪಡಿಯಚ್ಚು. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಮಾಡಿದ ಮಾದರಿಯ ಮೇಲಿಂದ ಬಂದದ್ದು. ಸೇನೆಯಲ್ಲೂ ಪೊಲೀಸಿನಲ್ಲೂ ‘ನೈನ್ ಎಂಎಂ’ ಅಂದರೆ ಬಹಳ ಕಾಲ ಇದೇ.

ಅದರ ದೋಷವನ್ನೂ ಹೇಳಿಬಿಡುತ್ತೇನೆ, ಹೊಗಳಿಕೆ ಜಾಸ್ತಿ ಆಯಿತು ಅನ್ನಬೇಡಿ. ಮ್ಯಾಗಜಿನ್ ತೆಗೆದರೆ ಗುಂಡು ಹಾರದಂತೆ ತಡೆಯುವ ಒಂದು ಏರ್ಪಾಡು ಅದರಲ್ಲಿದೆ. ಟ್ರಿಗರ್ ಒತ್ತಿದಾಗಲೆಲ್ಲ ಆ ತುಂಡು ಮ್ಯಾಗಜಿನ್ನಿನ ಮೈಗೆ ಉಜ್ಜುತ್ತದೆ. ಹಾಗಾಗಿ ಟ್ರಿಗರ್ ಒಳಗೆ ಮರಳು ಸೇರಿದ ಹಾಗೆ ಒರಟು. ಬ್ರೌನಿಂಗ್ ಬದುಕಿದ್ದರೆ ಒಪ್ಪುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು, ಹಳೇ ಮಾದರಿಯ ಸೇಫ್ಟಿ ಗುಬ್ಬಿ ತೀರಾ ಸಣ್ಣದು. ಮೂರನೆಯದು, ಕೈ ದಪ್ಪ ಇದ್ದವರಿಗೆ ಹ್ಯಾಮರ್ ಹಿಂದೆ ಬಂದಾಗ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತದೆ. ಫೈರಿಂಗ್ ಮುಗಿಸಿ ಬಂದವರು ಎಂಪ್ಟಿ, ಅಂದರೆ ಖಾಲಿ ಕೇಸುಗಳ, ಲೆಕ್ಕ ಕೊಡುವಾಗಲೇ ಕೈ ತೋರಿಸಿ ಬೈಯುತ್ತಿದ್ದರು.

ಇಷ್ಟೆಲ್ಲ ಇದ್ದರೂ ಜನ ಬಿಡಲಿಲ್ಲ. ಎಫ್‌ಎನ್ 2018ರ ಹೊತ್ತಿಗೆ ಹೈ ಪವರ್ ತಯಾರಿಕೆ ನಿಲ್ಲಿಸಿತು. ಮೂರೇ ವರ್ಷದಲ್ಲಿ, 2021ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅದರ ನಕಲು ತಂದಿತು. ಆ ಉಜ್ಜುವ ತುಂಡನ್ನು ತೆಗೆದುಹಾಕಿತು. 2022ರಲ್ಲಿ ಎಫ್‌ಎನ್ ತಾನೇ ಹೊಸದಾಗಿ ತಿದ್ದಿ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಬರೀ ಹಳೇ ನೆನಪಿಗೆ ಯಾವ ಕಂಪನಿಯೂ ದುಡ್ಡು ಹಾಕಲ್ಲ ಅಲ್ವಾ?

ಸಿಝಡ್ 75 ಬಗ್ಗೆ ಎರಡೇ ಮಾತು. 1975ರ ಸುಮಾರಿಗೆ ಜೆಕೊಸ್ಲೊವಾಕಿಯಾದಲ್ಲಿ ಕೌತ್ಸ್ಕಿ ಅಣ್ಣತಮ್ಮಂದಿರು ಮಾಡಿದ್ದು. ಅದರ ಸ್ಲೈಡು ಫ್ರೇಮಿನ ಹೊರಗಿನ ಹಳಿಯ ಮೇಲಲ್ಲ, ಒಳಗಡೆ ಓಡುತ್ತದೆ. ಬ್ಯಾರೆಲ್ ಕೈಗೆ ಹತ್ತಿರ ಕೂರುತ್ತದೆ, ಒದೆತ ಕಡಿಮೆ ಅನ್ನಿಸುತ್ತದೆ. ಇವತ್ತಿನ ಐಪಿಎಸ್‌ಸಿ ಸ್ಪರ್ಧೆಗಳಲ್ಲಿ ಅದರ ಮಕ್ಕಳು ಮೊಮ್ಮಕ್ಕಳೇ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಸಿಗ್ ಪಿ210ರಲ್ಲೂ ಸ್ಲೈಡು ಹೀಗೇ ಒಳಗೆ ಓಡುತ್ತದೆ. 1949ರ ಅದು ನಿಖರತೆಗೆ ಇವತ್ತಿಗೂ ಹೆಸರುವಾಸಿ.

ರಿಪೇರಿಯವನ ಮಾತಿಗೆ ಬರುತ್ತೇನೆ. 1911ನ್ನು ಪೂರ್ತಿ ಬಿಚ್ಚಲು ಬೇರೆ ಉಪಕರಣ ಬೇಡ. ಅದರದೇ ಭಾಗಗಳನ್ನು ಉಪಕರಣ ಮಾಡಿಕೊಂಡು ಕೊನೆಯ ಪಿನ್ನಿನವರೆಗೆ ಬಿಚ್ಚಬಹುದು. ಪೇಟೆಂಟ್ ಎಂದೋ ಮುಗಿದಿದೆ, ಹಾಗಾಗಿ ಫಿಲಿಪೈನ್ಸ್, ಟರ್ಕಿ, ಅಮೆರಿಕ, ಎಲ್ಲ ಕಡೆ ಮಾಡುತ್ತಾರೆ. ಬಿಡಿಭಾಗಕ್ಕೆ ಬರವಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದನ್ನು ಅತಿ ಹೆಚ್ಚು ಮಾಡಿದ್ದು ಯಾರು ಗೊತ್ತಾ? ರೆಮಿಂಗ್ಟನ್ ರ‍್ಯಾಂಡ್, ಟೈಪ್‌ರೈಟರ್ ಕಂಪನಿ. ನಮ್ಮ ತಾಲೂಕು ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವವರ ಬಳಿ ಇರುತ್ತಿತ್ತಲ್ಲ, ಅದೇ ರೆಮಿಂಗ್ಟನ್ ಹೆಸರು. ಎಂಟು ಲಕ್ಷಕ್ಕೂ ಹೆಚ್ಚು ಪಿಸ್ತೂಲು ಮಾಡಿದರು. ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೂ 500 ಮಾಡಿತು. ಆ ಐನೂರಕ್ಕೆ ಈಗ ಸಂಗ್ರಹಕಾರರು ಕೊಡುವ ಬೆಲೆಯಲ್ಲಿ ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಘಟಕವನ್ನೇ ಇಡಬಹುದೇನೋ.

ಉಕ್ಕಿಗೆ ನಮ್ಮ ಊರಿನ ಹವೆ ಮಾತ್ರ ಒಗ್ಗುವುದಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ ಬಿಸಿಲಿಗಿಟ್ಟ ಉಕ್ಕಿನ ಪಿಸ್ತೂಲನ್ನು ಬರಿಗೈಯಲ್ಲಿ ಹಿಡಿಯೋಕಾಗಲ್ಲ. ಬೆವರಿನ ಉಪ್ಪು ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿಗಪ್ಪು ಲೇಪ) ಮೇಲೆ ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಕಂದು ಚುಕ್ಕೆ ಬಂದಿರುತ್ತದೆ. ಅದಕ್ಕೆ ಹೆದರಿ ಎಣ್ಣೆ ಸುರಿದರೆ ಎರೆಮಣ್ಣಿನ ಧೂಳು ಕೂತು ಮಸಿಯಾಗುತ್ತದೆ. ತೆಳ್ಳಗೆ ಸವರಿ, ಒಣ ಬಟ್ಟೆಯಲ್ಲಿ ಒರೆಸಿಡಬೇಕು. ಗ್ಲಾಕಿಗೆ ಈ ಉಪಚಾರ ಬೇಡ. ಭಾಗಗಳೂ ಕಡಿಮೆ, ಎಲ್ಲವೂ ಅಚ್ಚಿನಲ್ಲಿ ಒಂದೇ ಥರ. 1911ರಲ್ಲಿ ಹಾಗಲ್ಲ. ಖಾಲಿ ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರ್ ಒಂದೇ ಉದ್ದದ ಸ್ಪ್ರಿಂಗ್ ಉಕ್ಕಿನ ತುಂಡು. ಅದನ್ನು ಎಷ್ಟು ಬಾಗಿಸಬೇಕು ಅನ್ನುವುದು ಕೈಗೆ ಬಂದ ಅಂದಾಜು. ಬರದಿದ್ದರೆ ಕೇಸ್ ಸಿಕ್ಕಿಕೊಳ್ಳುತ್ತಲೇ ಇರುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಎರಡು ಥರ. ಇನ್ನೂರು ಜನ ಪೊಲೀಸರಿಗೆ ಪಿಸ್ತೂಲು ಕೊಡಬೇಕು, ಅವರಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ಮಾತ್ರ ಹೊಡೆಯುತ್ತಾರೆ ಅಂದರೆ ನಾನು ಕಣ್ಣು ಮುಚ್ಚಿ ಹೊಸ ಕಾಲದ್ದನ್ನೇ ಆರಿಸುತ್ತೇನೆ. ವಾರಕ್ಕೆ ನಾಲ್ಕು ದಿನ ಹೊಡೆಯುವ, ತನ್ನ ಪಿಸ್ತೂಲನ್ನು ತಾನೇ ನೋಡಿಕೊಳ್ಳುವ ಒಬ್ಬ ಗುರಿಕಾರನಿಗಾದರೆ ಹಳೇ ಟ್ರಿಗರ್ ಬೇಕು.

ಇನ್ನು ‘ನಮಗೆ ಸಿಗುತ್ತಾ’ ಅನ್ನುವ ಪ್ರಶ್ನೆ. ರಾಯಚೂರು ಸೀಮೆಗೆ ಬಂದೂಕು ಹೊಸದೇನಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಕ್ರಿಸ್ಟೊವಾವೋ ದ ಫಿಗೈರೆದೊ ಎಂಬ ಪೋರ್ಚುಗೀಸನ ಜನ ಬತ್ತಿ ಬಂದೂಕಿನಿಂದ ಕೋಟೆಯ ಮೇಲಿನ ಕಾವಲಿನವರನ್ನು ಹೊಡೆದು ಇಳಿಸಿದ್ದರು. ಆದರೆ ಈಗ ಶಸ್ತ್ರ ಕಾಯ್ದೆ ಇದೆ, ಅದು ಬಹಳ ಬಿಗಿ. ಸರ್ವಿಸ್ 9 ಎಂಎಂ ಗುಂಡಿನ ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಹಾಗಾಗಿ 9 ಎಂಎಂ ಹೈ ಪವರ್ ಆಗಲಿ ಸಿಝಡ್ ಆಗಲಿ ಸಾಮಾನ್ಯ ಪರವಾನಗಿಯ ಮೇಲೆ ಸಿಗುವುದಿಲ್ಲ. ಜಿಲ್ಲಾಧಿಕಾರಿ ಕೊಡುವ ಪರವಾನಗಿಯ ಮೇಲೆ ಜನ ತಗೊಳ್ಳುವುದು ಹೆಚ್ಚಾಗಿ ಆರ್ಡ್‌ನೆನ್ಸ್ ಕಾರ್ಖಾನೆಯ .32. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ಪರವಾನಗಿ ಐದು ವರ್ಷಕ್ಕೆ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರಬೇಕು. ಕ್ರೀಡಾ ಶೂಟರ್‌ಗಳಿಗೆ ಬೇರೆ ನಿಯಮ ಇವೆ, ಅವರವರ ಅರ್ಹತೆ ಮೇಲೆ ಹೆಚ್ಚಿನ ಆಯುಧ, ಆಮದಿನ ಅವಕಾಶ ಸಿಗುತ್ತದೆ. ಆ ದಾರಿ ಸ್ಕೋರಿನಿಂದ ಶುರುವಾಗುತ್ತದೆ.

ಇಲ್ಲಿ ಒಂದು ಮಜಾ ಇದೆ. ಆ .32 ಪಿಸ್ತೂಲಿನ ಗುಂಡೂ ಬ್ರೌನಿಂಗನದೇ! 1899ರಲ್ಲಿ, ಎಫ್‌ಎನ್‌ನ ಪುಟ್ಟ ಪಿಸ್ತೂಲಿಗಾಗಿ ಮಾಡಿದ್ದು. ಅದರ ಬಲ ಕಡಿಮೆ, ಹಾಗಾಗಿ ಬೀಗದ ಏರ್ಪಾಡೂ ಬೇಡ. ಸ್ಲೈಡಿನ ಭಾರ, ಸ್ಪ್ರಿಂಗಿನ ಬಲ ಸಾಕು. ಇನ್ನೊಂದು .32 ಇದೆ, ರಿವಾಲ್ವರಿನದು, .32 ಸ್ಮಿತ್ ಅಂಡ್ ವೆಸನ್ ಲಾಂಗ್. 1896ರ ಗುಂಡು. ನಮ್ಮ ಕಾರ್ಖಾನೆಯ ರಿವಾಲ್ವರಿಗೆ ಅದೇ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಇಟಲಿ, ಜರ್ಮನಿಯ ಹೊಸ ಪಿಸ್ತೂಲುಗಳು ಹೊಡೆಯುವುದೂ ಹೆಚ್ಚಾಗಿ ಅದೇ ಗುಂಡು, ಮೂತಿ ಚಪ್ಪಟೆ ಮಾಡಿ. ಕಾಗದದಲ್ಲಿ ದುಂಡಗೆ ತೂತು ಬೀಳಲಿ ಅಂತ. ಆ ಸ್ಪರ್ಧೆಯಲ್ಲಿ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಹೆಸರು ಎರಡಕ್ಕೂ .32 ಅಂತ ಪಿಸ್ತೂಲಿನದನ್ನು ರಿವಾಲ್ವರಿಗೆ, ರಿವಾಲ್ವರಿನದನ್ನು ಪಿಸ್ತೂಲಿಗೆ ಹಾಕಲು ಹೋಗಬಾರದು. ಅವು ಬೇರೆ ಬೇರೆ ಗುಂಡು.

.45ರ 1911 ಈ ಸ್ಪರ್ಧೆಗಳಿಗೆ ಬರುವುದೇ ಇಲ್ಲ. ಸೆಂಟರ್ ಫೈರಿನಲ್ಲಿ 9.65 ಮಿಲಿಮೀಟರ್‌ಗಿಂತ ದಪ್ಪ ಗುಂಡು ಒಪ್ಪುವುದಿಲ್ಲ. ನೀವು ಮುಂದೆ ಹೋಗಬೇಕಾದ 25 ಮೀಟರ್ ಪಿಸ್ತೂಲು .22. ಅದರ ಬ್ಯಾರೆಲ್ ಅಲುಗಾಡುವುದಿಲ್ಲ, ಸ್ಲೈಡಿನ ಬದಲು ಸಣ್ಣ ಬೋಲ್ಟ್ ಹಿಂದೆ ಮುಂದೆ ಆಡುತ್ತದೆ. ಟ್ರಿಗರ್ ಕನಿಷ್ಠ ಒಂದು ಕಿಲೋ ಇರಲೇಬೇಕು. ಈ ಜಾತಿಯಲ್ಲೂ ಹಳೇ ಹುಲಿಗಳಿವೆ. ಸೋವಿಯತ್ ದೇಶದ ಮಾರ್ಗೋಲಿನ್ ಪಿಸ್ತೂಲನ್ನು ರೂಪಿಸಿದ ಮಿಖಾಯಿಲ್ ಮಾರ್ಗೋಲಿನ್‌ಗೆ ಕಣ್ಣೇ ಕಾಣುತ್ತಿರಲಿಲ್ಲ. ಒಂದೊಂದು ಭಾಗವನ್ನೂ ಬೆರಳಿನಲ್ಲಿ ತಡವಿ, ಮಾದರಿ ಮಾಡಿಸಿ, ಮತ್ತೆ ತಡವಿ ತಿದ್ದಿದ. ಕಣ್ಣಿಗೆ ಚೆಂದ ಕಾಣಲಿ ಅಂತ ಅದರಲ್ಲಿ ಏನೂ ಇಲ್ಲ. ಕೈಗೆ ಮಾತ್ರ ಸರಿಯಾಗಿ ಕೂರುತ್ತದೆ.

ಲೇತ್ ಮಾತು. ಇದನ್ನು ತಮಾಷೆಗೆ ಹೇಳಿರಬಹುದು, ಆದರೂ ನೇರವಾಗಿ ಹೇಳುತ್ತೇನೆ. ಪಿಸ್ತೂಲಿನ ಬ್ಯಾರೆಲ್ ಆಗಲಿ, ಸ್ಲೈಡ್ ಆಗಲಿ, ಒಂದು ಸಿಯರ್ ಆಗಲಿ, ಅಂಗಡಿಯಲ್ಲಿ ಮಾಡಲು ಹೋಗಬೇಡಿ. ಪರವಾನಗಿ ಇಲ್ಲದೆ ಆಯುಧ ತಯಾರಿಸಿದರೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಭಾಗವೂ ಕಾನೂನಿನ ಕಣ್ಣಿಗೆ ಆಯುಧವೇ. ‘ಸುಮ್ನೆ ಮಾಡಿ ನೋಡಿದೆ’ ಅನ್ನುವ ಮಾತು ಅಲ್ಲಿ ನಡೆಯಲ್ಲ. ನಿಮ್ಮಪ್ಪನ ಅಂಗಡಿಗೂ ಬೀಗ ಬೀಳುತ್ತದೆ.

ಸದ್ಯ ನಿಮ್ಮ ಕೈಯಲ್ಲಿರುವ 10 ಮೀಟರ್ ಏರ್ ಪಿಸ್ತೂಲೇ ಒಳ್ಳೆ ಮೇಷ್ಟ್ರು. ಸ್ಪರ್ಧೆಯ .177 ಏರ್ ಪಿಸ್ತೂಲಿಗೆ ಶಸ್ತ್ರ ಪರವಾನಗಿ ಬೇಡ. ಟ್ರಿಗರ್ 500 ಗ್ರಾಂ. ಹತ್ತರ ಉಂಗುರ 11.5 ಮಿಲಿಮೀಟರ್. ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ನಳಿಗೆಯಲ್ಲಿ ನಿಧಾನವಾಗಿ ಹೋಗುವುದರಿಂದ, ಬಿಟ್ಟ ಮೇಲೆ ಕೈ ಅಲ್ಲಾಡಿಸಿದರೂ ಅಂಕ ಹೋಗುತ್ತದೆ. ಗೋಡೆಯ ಮುಂದೆ ನಿಂತು ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಿ. ಟ್ರಿಗರ್ ಬಿಟ್ಟಾಗ ಮುಂದಿನ ಸೈಟ್ ಅಲ್ಲಾಡಿತಾ ಅಂತ ಮಾತ್ರ ನೋಡಿ. ಕರೆಂಟ್ ಹೋದರೂ ನಡೆಯುವ ಅಭ್ಯಾಸ ಇದು. 1911ರ ಟ್ರಿಗರ್ ಯಾಕೆ ಜನರಿಗೆ ಹಿಡಿಸಿತು ಅನ್ನುವುದು ನಿಮ್ಮ ಬೆರಳಿಗೆ ತಾನೇ ಗೊತ್ತಾಗುತ್ತದೆ. ದುಬಾರಿ ಪಿಸ್ತೂಲಿಗೆ ಈಗಲೇ ಆಸೆಪಡಬೇಡಿ. ಟೋಕಿಯೋ ಒಲಿಂಪಿಕ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು ನಿಂತಿತ್ತು. ಅದೇ ಮನು 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು.

ಕೈಕೆಲಸದ ಚಪಲ ಇದ್ದರೆ ಅದಕ್ಕೆ ಕಾನೂನಿನೊಳಗೇ ಜಾಗ ಇದೆ. ಏರ್ ಪಿಸ್ತೂಲಿನ ಮರದ ಹಿಡಿ ಕಾರ್ಖಾನೆಯಿಂದ ಬಂದ ಹಾಗೆ ಯಾರ ಕೈಗೂ ಸರಿಯಾಗಿ ಕೂರುವುದಿಲ್ಲ. ದೊಡ್ಡ ಶೂಟರ್‌ಗಳೆಲ್ಲ ಅದನ್ನು ಅರದಿಂದ ಉಜ್ಜಿ, ಬೇಕಾದ ಕಡೆ ವುಡ್ ಪುಟ್ಟಿ ಮೆತ್ತಿ, ತಮ್ಮ ಕೈಗೆ ಹೊಂದಿಸಿಕೊಳ್ಳುತ್ತಾರೆ. ಒಮ್ಮೆಗೇ ಜಾಸ್ತಿ ತೆಗೆಯಬೇಡಿ. ಪುಟ್ಟಿ ಹಸಿ ಇರುವಾಗ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಟ್ಟಿಯಾಗಿ ಹಿಡಿದರೆ ನಿಮ್ಮ ಅಂಗೈಯ ಅಚ್ಚು ಬೀಳುತ್ತದೆ. ಒಣಗಿದ ಮೇಲೆ ಎತ್ತರ ಕಂಡಲ್ಲಿ ಮಾತ್ರ ಉಜ್ಜಿ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದಾಗ ಎರಡೂ ಸೈಟ್ ಒಂದೇ ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ಹಿಡಿ ಇನ್ನೂ ಸರಿಯಾಗಿಲ್ಲ. ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಧಾರ ಕೊಡಬಾರದು, ಅದು ನಿಯಮ. ಎಲ್ಲ ಮುಗಿದ ಮೇಲೆ ಪಿಸ್ತೂಲು ಒಟ್ಟು 1500 ಗ್ರಾಂ ಮೀರಬಾರದು. 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಆ ಅಳತೆಯ ಪೆಟ್ಟಿಗೆಯನ್ನು ತಗಡಿನಲ್ಲಿ ನಿಮ್ಮಪ್ಪನ ಕೈಯಲ್ಲಿ ಮಾಡಿಸಿಕೊಳ್ಳಿ. ಸ್ಪರ್ಧೆಗೆ ಹೋಗುವ ಮೊದಲು ಮನೆಯಲ್ಲೇ ಇಟ್ಟು ನೋಡಬಹುದು.